ಪಾತಾಳದ ಬೀಗದಕೈ

ಕ್ರೈಸ್ತ ಪುಸ್ತಕದಂಗಡಿಯಲ್ಲಿ ಕೆಲಸ ಮಾಡುವವನಿಗೆ ಬೈಬಲ್ ಚೆನ್ನಾಗಿ ಗೊತ್ತಿರಬೇಕು ಎಂದು ಹೊರಗಿನವರು ತಿಳಿದುಕೊಂಡಿರುತ್ತಾರೆ. ಗೊತ್ತಿದ್ದರೆ ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ಗೊತ್ತಿರಬೇಕಾದದ್ದು ಯಾವ ಸಭೆಯ ಅಯ್ಯನವರಿಗೂ ಯಾವ ಸಭೆಯ ಅಯ್ಯನವರಿಗೂ ಮಾತು ನಿಂತಿದೆ ಎಂಬುದು. ನಮ್ಮಲ್ಲಿ ಚರ್ಚಿಗೆ ಸೇರಿದ ಜನರನ್ನು ಸಭೆ ಎನ್ನುತ್ತೇವೆ, ಅದನ್ನು ನೋಡಿಕೊಳ್ಳುವ ಪಾದ್ರಿಗಳನ್ನು ಅಯ್ಯನವರು ಎನ್ನುತ್ತೇವೆ. ನಾನು ದೇವರಾಜ ಮೊಹಲ್ಲಾದ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಇದ್ದೆ. ಮೊದಲು ಕಟ್ಟು ಬಿಚ್ಚುವ ಕೆಲಸ, ಆಮೇಲೆ ಕೌಂಟರು, ಕೊನೆಗೆ ಅಂಗಡಿಯ ಉಸ್ತುವಾರಿ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನನಗಿಂತ ಮುಂಚೆ ಇದ್ದವರು ಒಬ್ಬೊಬ್ಬರಾಗಿ ಬಿಟ್ಟುಹೋದರು, ನಾನು ಉಳಿದುಕೊಂಡೆ.

ಈಗ ನನ್ನ ಜಾಗದಲ್ಲಿರುವ ಶೀಬಾ, ಹೊಸದಾಗಿ ಸೇರುವವರಿಗೆ ಓದಿಸಲು ಏನಾದರೂ ಬರೆದುಕೊಡಿ ಎಂದು ಕೇಳಿದಳು. "ಉಪದೇಶ ಬೇಡ ಅಂಕಲ್, ಅದು ಅಂಗಡಿ ತುಂಬ ಇದೆ. ನೀವು ಮಾಡಿದ ತಪ್ಪು ಬರೀರಿ, ಸಾಕು" ಎಂದಳು. ಆ ಸರಕು ನನ್ನಲ್ಲಿ ಬೇಕಾದಷ್ಟಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಈ ಅಂಗಡಿ ಯಾವ ಒಬ್ಬರದ್ದೂ ಅಲ್ಲ, ಊರಿನ ನಾಲ್ಕಾರು ಸಭೆಗಳು ಸೇರಿ ನಡೆಸುವುದು. ಬೀದಿಯಲ್ಲಿ ಹೋಗುವವರಿಗೆ ಚರ್ಚು ಎಂದರೆ ಎಲ್ಲ ಒಂದೇ. ಒಳಗಿನ ಕಥೆ ಬೇರೆ. ಒಂದು ಸಭೆಯವರು ಎಳೆಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಾರೆ, ಇನ್ನೊಂದು ಸಭೆಯವರು ಅದನ್ನು ಸ್ನಾನ ಎಂದಷ್ಟೇ ಲೆಕ್ಕ ಹಿಡಿಯುತ್ತಾರೆ. ಒಬ್ಬರಿಗೆ ಗೋಡೆಯ ಮೇಲೆ ಯೇಸುಸ್ವಾಮಿಯ ಪಟ ಬೇಕು, ಇನ್ನೊಬ್ಬರಿಗೆ ಪಟ ಕಂಡರೆ ಆಗುವುದಿಲ್ಲ. ಸೇರಿದ ಮೊದಲ ವರ್ಷ ನಾನು ಮಕ್ಕಳ ಕಥೆಪುಸ್ತಕವೊಂದನ್ನು ಬೀದಿಗೆ ಕಾಣುವಂತೆ ಗಾಜಿನ ಹಿಂದೆ ಇಟ್ಟೆ. ಮುಖಪುಟದಲ್ಲಿ ಕುರಿಮರಿ ಹೊತ್ತ ಯೇಸು. ಒಬ್ಬ ಅಯ್ಯನವರು ಹೊರಗೇ ನಿಂತು ನೋಡಿದರು, ಒಳಗೆ ಬರದೆ ಹೊರಟುಹೋದರು. ಮುಂದಿನ ವಾರ ಅವರ ಸಭೆಯ ಮಕ್ಕಳ ಪುಸ್ತಕಗಳ ಆರ್ಡರು ಬೆಂಗಳೂರಿನ ಅಂಗಡಿಗೆ ಹೋಯಿತು. ಅಂದಿನಿಂದ ಆ ಕಥೆಪುಸ್ತಕಕ್ಕೆ ಕಂದು ಕಾಗದದ ರ‍್ಯಾಪರ್ ಹಾಕಿ ಮಾರಿದೆವು. ಅದರೊಳಗೆ ಏನೋ ಇರಬೇಕು ಎಂದುಕೊಂಡು ಜನ ಇನ್ನೂ ಹೆಚ್ಚಾಗಿ ಕೊಂಡರು.

ಇಂಥ ಜಗಳಗಳಿಗೆ ಹೆದರಿಯೇ ಪುಸ್ತಕ ಪರಿಶೀಲನಾ ಸಮಿತಿ ಹುಟ್ಟಿದ್ದು. ಸಭೆಗೊಬ್ಬರಂತೆ ಅಯ್ಯನವರು ಮೂರು ತಿಂಗಳಿಗೊಮ್ಮೆ ಮಹಡಿಯ ಮೇಲೆ ಕೂರುತ್ತಿದ್ದರು. ದೊಡ್ಡ ಪ್ರಕಾಶನಗಳಿಂದ ಬಂದ ಪುಸ್ತಕ ಯಾರೂ ನೋಡದೆ ಕಪಾಟಿಗೆ ಹೋಗುತ್ತಿತ್ತು. ಬಾಗಿಲಲ್ಲಿ ನಿಲ್ಲಬೇಕಾಗಿದ್ದವರು ತಾವೇ ಬರೆದು, ತಾವೇ ಪ್ರೆಸ್ಸಿಗೆ ಓಡಾಡಿ ಅಚ್ಚು ಹಾಕಿಸಿಕೊಂಡು ಚೀಲದಲ್ಲಿ ತರುತ್ತಿದ್ದವರು: ನಿವೃತ್ತ ಮೇಷ್ಟ್ರು, ಆಸ್ಪತ್ರೆಯ ನರ್ಸು, ರೈಲ್ವೆ ವರ್ಕ್‌ಶಾಪಿನ ಫಿಟ್ಟರು. ಅವರು ಎರಡು ಪ್ರತಿ ಕೊಡಬೇಕು, ಪುಸ್ತಕಕ್ಕೆ ನಮ್ಮ ಸಭೆಗಳ ಪೈಕಿ ಒಬ್ಬ ಅಯ್ಯನವರ ಮುನ್ನುಡಿ ಇರಬೇಕು. ಮುನ್ನುಡಿ ಇಲ್ಲದ ಪುಸ್ತಕವನ್ನು ಸಮಿತಿ ತೆರೆಯುತ್ತಲೂ ಇರಲಿಲ್ಲ. ಇದ್ದದ್ದನ್ನು ಮುನ್ನುಡಿ ಮುಗಿಯುವವರೆಗೆ ಓದುತ್ತಿದ್ದರು.

ಮುನ್ನುಡಿಯ ಆಚೆ ಓದದ್ದರ ಫಲ ನಾನು ಕಣ್ಣಾರೆ ಕಂಡೆ. ಒಬ್ಬರು ಬಲು ಗಣ್ಯ ಅಯ್ಯನವರ ಮುನ್ನುಡಿ ಇದ್ದ ಪುಸ್ತಕ ತಂದರು, ಸಮಿತಿ ಐದೇ ನಿಮಿಷದಲ್ಲಿ ಒಪ್ಪಿತು. ನಾನೂ ತೆರೆದು ನೋಡಲಿಲ್ಲ, ಕೌಂಟರಿನ ಮೇಲೆಯೇ ಇಟ್ಟೆ. ಯೇಸುಸ್ವಾಮಿ ಮತ್ತೆ ಭೂಮಿಗೆ ಬರುವುದನ್ನು ನಾವು ಎರಡನೆಯ ಬರೋಣ ಎನ್ನುತ್ತೇವೆ. ಆ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಬರೋಣದ ತಾರೀಖು, ವಾರ, ಹೊತ್ತು ಎಲ್ಲ ಕೊಟ್ಟಿತ್ತು. ನಮಗೆ ಗೊತ್ತಾದದ್ದು ಆ ತಾರೀಖಿನ ಮಾರನೆಯ ದಿನ. ಒಬ್ಬ ಗಿರಾಕಿ ಬಂದು ಪುಸ್ತಕವನ್ನು ಕೌಂಟರಿನ ಮೇಲಿಟ್ಟು, ಇದು ಮುಗಿದುಹೋಯಿತು, ಬದಲಿಗೆ ಹೊಸ ವರ್ಷದ ಕ್ಯಾಲೆಂಡರು ಕೊಡಿ ಎಂದ. ಕೊಟ್ಟೆ. ಸಮಿತಿ ಆಮೇಲೆ ಮಾಡಿದ್ದೇನು ಎಂದರೆ, ಇನ್ನು ಮುಂದೆ ಎರಡು ಮುನ್ನುಡಿ ಇರಬೇಕು ಎಂದು ಠರಾವು ಮಾಡಿದ್ದು. ಅದು ಒಂದೇ ವರ್ಷ ನಡೆಯಿತು, ಯಾವ ಇಬ್ಬರು ಅಯ್ಯನವರೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕೂರಲು ಒಪ್ಪಲಿಲ್ಲ.

ತಿರಸ್ಕಾರವಾದ ಪುಸ್ತಕದ ಎರಡೂ ಪ್ರತಿ ನಮ್ಮಲ್ಲೇ ಉಳಿಯುತ್ತಿದ್ದವು. ಬೇರೆ ಅಂಗಡಿಯಾಗಿದ್ದರೆ ಹಳೇ ಪೇಪರಿನವನಿಗೆ ಹಾಕುತ್ತಿದ್ದರು. ನಮ್ಮಲ್ಲಿ ಅದು ಆಗದ ಮಾತು. ದೇವರ ವಾಕ್ಯ ಅಚ್ಚಾದ ಕಾಗದ ಕಡಲೇಕಾಯಿ ಪೊಟ್ಟಣವಾದರೆ ಯಾರ ಮನಸ್ಸೂ ತಡೆಯುವುದಿಲ್ಲ, ಸುಡಲೂ ಕೈ ಬರುವುದಿಲ್ಲ. ಹಾಗಾಗಿ ನನ್ನ ಕುರ್ಚಿಯ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿದ್ದ ಕಬ್ಬಿಣದ ಬೀರುವಿನೊಳಗೆ ಅವುಗಳನ್ನು ತುಂಬುತ್ತಿದ್ದೆವು. ಸತ್ತವರು ಹೋಗಿ ಕಾಯುವ ಜಾಗಕ್ಕೆ ನಮ್ಮ ಬೈಬಲಿನಲ್ಲಿ ಪಾತಾಳ ಎಂದಿದೆ. ನಾವು ಆ ಬೀರುವಿಗೂ ಪಾತಾಳ ಎಂದು ಹೆಸರಿಟ್ಟಿದ್ದೆವು. ಬೀಗದಕೈ ನನ್ನ ಸೊಂಟದಲ್ಲಿರುತ್ತಿತ್ತು.

ಬರೆದವರು ಸುಮ್ಮನೆ ಕೂರುವವರಲ್ಲ. ಮಕ್ಕಳಿಗಾಗಿ ಕಥೆ ಬರೆದಿದ್ದ ಒಬ್ಬ ಟೀಚರು ತಮ್ಮ ಪುಸ್ತಕ ಪಾತಾಳಕ್ಕೆ ಹೋದ ಮೇಲೆ ಮೂವರು ನಾದಿನಿಯರನ್ನು ಬೇರೆ ಬೇರೆ ದಿನ ಗಿರಾಕಿಗಳಂತೆ ಕಳಿಸಿದರು. ಮೂವರೂ ಬಂದು ಆ ಪುಸ್ತಕವೇ ಬೇಕು, ಊರೆಲ್ಲ ಅದರದ್ದೇ ಮಾತು ಎಂದರು. ಮೂರನೆಯವರು ಪುಸ್ತಕದ ಹೆಸರು ಮರೆತು, ಹೊರಗೆ ಆಟೋದಲ್ಲಿ ಕೂತಿದ್ದ ಟೀಚರನ್ನು ಕೇಳಿಕೊಂಡು ಬಂದರು. ನನಗೆ ನಗು ಬಂತು. ಅವರಿಗೆ ನಾನು ಸಹಾಯ ಮಾಡಬಹುದಾಗಿತ್ತು, ಮಾಡಲಿಲ್ಲ. ಸಮಿತಿಯ ತೀರ್ಮಾನ ಎಂದು ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು.

ಇನ್ನು ಸುಂದರಣ್ಣನ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದನ್ನು ಬರೆಯುವ ಧೈರ್ಯ ತಂದುಕೊಳ್ಳಲು.

ಸುಂದರರಾಜ್ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಪೆಟ್ಟಿಗೆ ಸುಂದರಣ್ಣ ಎಂದರೆ ಗೊತ್ತಾಗುತ್ತಿತ್ತು. ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಶವಪೆಟ್ಟಿಗೆ ಮಾಡುವ ಅಂಗಡಿ ಅವರದು. ನನಗಿಂತ ಹತ್ತು ವರ್ಷ ದೊಡ್ಡವರು, ಕಡಿಮೆ ಮಾತು, ಕಿವಿಯ ಮೇಲೆ ಯಾವಾಗಲೂ ಬಡಗಿ ಪೆನ್ಸಿಲು. ಒಂದು ದಿನ ಮೂವತ್ತೆರಡು ಪುಟದ ಪುಸ್ತಕ ತಂದು ಕೌಂಟರಿನ ಮೇಲಿಟ್ಟರು. "ಸಾವಿನ ಮನೆಯ ಮೊದಲ ದಿನ" ಎಂದು ಹೆಸರು. ತಾವೇ ಬರೆದದ್ದು ಎಂದರು. ನಾನು ಹುಬ್ಬೇರಿಸಿದ್ದನ್ನು ಅವರು ನೋಡಿದರು.

ಆ ಪುಸ್ತಕವನ್ನು ನಾನು ಅವತ್ತೇ ಓದಿದೆ. ಅದರಲ್ಲಿ ಚರ್ಚಿನ ಉಪದೇಶ ಇರಲಿಲ್ಲ, ಮನೆಯಲ್ಲಿ ಯಾರಾದರೂ ತೀರಿಕೊಂಡ ದಿನ ಏನೇನು ಮಾಡಬೇಕು ಎಂದು ಇತ್ತು. ಡಾಕ್ಟರ ಚೀಟಿ ಯಾರ ಕೈಯಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಪೆಟ್ಟಿಗೆಗೆ ಅಳತೆ ತೆಗೆಯಲು ಬಂದವನನ್ನು ಮಕ್ಕಳ ಎದುರು ಒಳಗೆ ಕರೆಯಬೇಡಿ. ಅಳುವವರನ್ನು ಸುಮ್ಮನಿರಿಸಬೇಡಿ, ಒಂದು ಲೋಟ ನೀರು ಪಕ್ಕದಲ್ಲಿಟ್ಟು ಕೂತಿರಿ. ಹೋದವರ ಕನ್ನಡಕ ಎಲ್ಲಿದೆ ಎಂದು ಕೇಳಿ ಹುಡುಕಿ ಮನೆಯವರ ಕೈಗೆ ಕೊಡಿ. ಎಲ್ಲರೂ ಅದನ್ನು ಮರೆಯುತ್ತಾರೆ, ಮುಚ್ಚಳ ಹಾಕಿದ ಮೇಲೆ ನೆನಪು ಮಾಡಿಕೊಂಡು ಮತ್ತೆ ತೆಗೆಸುತ್ತಾರೆ. ಹೀಗೇ ಇತ್ತು ಪುಸ್ತಕವೆಲ್ಲ. ಇಪ್ಪತ್ತನೆಯ ಪುಟದಲ್ಲಿ ಒಂದು ಸಾಲು: "ಇದು ದೇವರ ಚಿತ್ತ ಎಂಬ ಮಾತನ್ನು ಮೊದಲ ದಿನ ಯಾರೂ ಆಡಬೇಡಿ. ಆಡಲೇಬೇಕಾದರೆ ಮೂರನೆಯ ದಿನ ಬನ್ನಿ, ಹೇಳಲೇ ಎಂದು ಕೇಳಿ ಹೇಳಿ."

ಸಾವಾದ ಮನೆಗೆ ಕೊಡೋಕೆ ಏನಾದರೂ ಇದೆಯೇ ಎಂದು ಕೇಳಿಕೊಂಡು ವಾರಕ್ಕೆ ಒಬ್ಬರಾದರೂ ನಮ್ಮ ಅಂಗಡಿಗೆ ಬರುತ್ತಿದ್ದರು. ನಮ್ಮಲ್ಲಿದ್ದದ್ದು ಲಿಲ್ಲಿ ಹೂವಿನ ಚಿತ್ರದ ಕೆಳಗೆ ಬೈಬಲಿನ ಒಂದು ವಚನ ಅಚ್ಚು ಮಾಡಿದ ಕಾರ್ಡುಗಳು. ಈ ಪುಸ್ತಕ ಅವರಿಗೆ ಬೇಕಾದದ್ದೇ ಎಂದು ನನಗೆ ಗೊತ್ತಾಯಿತು. ಪೆಟ್ಟಿಗೆಯ ಜೊತೆಗೇ ಕೊಡಬಹುದಲ್ಲ ಎಂದು ಸುಂದರಣ್ಣನನ್ನು ಕೇಳಿದೆ. "ನನ್ ಹತ್ರ ಬರೋ ಹೊತ್ಗೆ ಅರ್ಧ ದಿನ ಕಳ್ದೋಗಿರುತ್ತೆ ಕಣ್ರೀ. ಆಡಬಾರದ್ದನ್ನ ಅಷ್ಟ್ರಲ್ಲಿ ಎಲ್ರೂ ಆಡ್ಬುಟ್ಟಿರ್ತಾರೆ. ಇದು ಮೊದ್ಲೇ ಮನೇಲಿರ್ಬೇಕು. ಅದಕ್ಕೆ ನಿಮ್ಮ ಅಂಗಡೀನೇ ಆಗ್ಬೇಕು" ಎಂದರು.

ಮುನ್ನುಡಿ ಇರಲಿಲ್ಲ. ಸುಂದರಣ್ಣ ಹೋಗುತ್ತಿದ್ದದ್ದು ತಗಡಿನ ಹಾಲಿನಲ್ಲಿ ಕೂಡುವ ಒಂದು ಪುಟ್ಟ ಸ್ವತಂತ್ರ ಸಭೆಗೆ. ಅಲ್ಲಿಯ ಪಾಸ್ಟರು ಬರೆದರೆ ನಮ್ಮಲ್ಲಿ ನಡೆಯುವುದಿಲ್ಲ. ದೊಡ್ಡ ಸಭೆಯ ಒಬ್ಬ ಅಯ್ಯನವರ ಬಳಿಗೆ ನಾನೇ ಕಳಿಸಿದೆ. ಸಮಿತಿ ಒಪ್ಪಿದರೆ ಬರೆದುಕೊಡುತ್ತೇನೆ ಎಂದರಂತೆ. ಮುನ್ನುಡಿ ಬಂದರೆ ಒಪ್ಪುತ್ತೇವೆ ಎಂದು ಸಮಿತಿ. ಇನ್ನೊಬ್ಬರು, ಪೆಟ್ಟಿಗೆ ವ್ಯಾಪಾರದ ಜಾಹೀರಾತಿಗೆ ನಾನು ಮುನ್ನುಡಿ ಬರೆಯಬೇಕೇ ಎಂದರಂತೆ. ಹೀಗೆ ಒಂದೂವರೆ ವರ್ಷ ಅವರು ಊರೆಲ್ಲ ಸುತ್ತಿದರು. ಬಂದಾಗಲೆಲ್ಲ ಬೇಸರ ತೋರಿಸದೆ, ಇನ್ಯಾರ ಹತ್ರ ಹೋಗ್ಲಿ ಹೇಳಿ ದೇವದಾಸು, ಎಂದಷ್ಟೇ ನನ್ನನ್ನು ಕೇಳುತ್ತಿದ್ದರು.

ಕಡೆಗೆ ಸಮಿತಿಯ ಅಧ್ಯಕ್ಷರಾದ ಸಾಲೊಮೋನ್ ಅಯ್ಯನವರೇ ಅವರನ್ನು ಮಹಡಿಗೆ ಕರೆಸಿದರು. ಅಯ್ಯನವರು ಬಿಗಿ ಮನುಷ್ಯ. ಅವರ ಕೈಯಲ್ಲಿ ಕೆಂಪು ಪೆನ್ಸಿಲು ಕಂಡರೆ ನನಗೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಆದರೆ ಮೋಸದವರಲ್ಲ. ಅವತ್ತು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿಯೇ ಬಂದಿದ್ದರು. ನನ್ನ ಮೂವತ್ತೊಂದು ವರ್ಷದಲ್ಲಿ ಸಮಿತಿಯವರು ಹಾಗೆ ಪೂರ್ತಿ ಓದಿದ್ದು ನಾನು ಕಂಡದ್ದು ಅದೊಂದೇ. ಮುನ್ನುಡಿ ನಾನೇ ಬರೆಯುತ್ತೇನೆ, ಇಪ್ಪತ್ತನೆಯ ಪುಟದ ಆ ಸಾಲು ತೆಗೆಯಿರಿ ಎಂದು ಹೇಳಿ, ಒಂದು ಪ್ರತಿಯಲ್ಲಿ ಅದರ ಮೇಲೆ ಕೆಂಪು ಗೀಟು ಎಳೆದರು. ದೇವರ ಚಿತ್ತ ಎನ್ನುವುದನ್ನು ಬಿಟ್ಟು ಸಾವಿನ ಮನೆಯಲ್ಲಿ ನಾವು ಹೇಳುವುದಾದರೂ ಏನು ಎಂಬುದು ಅವರ ಪ್ರಶ್ನೆ. ಸುಂದರಣ್ಣ, ಆಗೋದಿಲ್ಲ ಅಯ್ನೋರೇ, ಎಂದು ಕೈಮುಗಿದು ಕೆಳಗೆ ಇಳಿದು ಬಂದರು.

ಒಂದು ಸಾಲು ತಾನೇ, ತೆಗೆದುಬಿಡಿ, ನಾಳೆಯೇ ಕಪಾಟಿಗೆ ಇಡುತ್ತೇನೆ ಎಂದು ನಾನು ಅವರಿಗೆ ಬುದ್ಧಿ ಹೇಳಲು ಹೋದೆ. ಅವರು ಸ್ಟೂಲಿನ ಮೇಲೆ ಕೂತರು. ಅವತ್ತು ಅವರು ಹೇಳಿದ್ದನ್ನು ನಾನು ಮರೆತಿಲ್ಲ.

"ನಂಗೊಬ್ಬಳು ಮಗಳಿದ್ಲು. ಎಂಟು ವರ್ಷ. ನಾಲ್ಕು ದಿನದ ಜ್ವರ. ಆ ಅಳತೆ ಪೆಟ್ಟಿಗೆ ನಾನು ಅದಕ್ಕೆ ಮುಂಚೆ ಬೇಕಾದಷ್ಟು ಮಾಡಿದ್ದೆ ದೇವದಾಸು. ಅವತ್ತು ಬೆಳಿಗ್ಗೆಯಿಂದ ಬಂದೋರೆಲ್ಲ ನನ್ನ ಹೆಂಡ್ತಿ ಹತ್ರ ಕೂತ್ಕೊಂಡು ಅದೊಂದೇ ಮಾತು ಅಂದ್ರು. ದೇವರ ಚಿತ್ತ ಕಣಮ್ಮ, ದೇವರ ಚಿತ್ತ ಕಣಮ್ಮ. ಸಾಯಂಕಾಲ ಅವಳು ಎದ್ದು, ಇದು ದೇವರ ಕೆಲಸ ಆದ್ರೆ ಅವನ ಹತ್ರ ನಂಗೇನು ಮಾತು ಅಂದ್ಲು. ಆಮೇಲೆ ಅವಳು ಸಭೆಗೆ ಬಂದಿಲ್ಲ. ಹನ್ನೊಂದು ವರ್ಷ ಆಯ್ತು. ಆ ಒಂದು ಸಾಲಿಗೋಸ್ಕರಾನೇ ಮಿಕ್ಕಿದ್ದೆಲ್ಲ ಬರ್ದಿದ್ದು. ಅದನ್ನೇ ತೆಗೀರಿ ಅಂದ್ರೆ ಎಂಗೆ?"

ಇನ್ನೊಮ್ಮೆ ಸಮಿತಿಗೆ ಇಡುತ್ತೇನೆ ಎಂದೆ. ಇಟ್ಟೆ ಕೂಡ. ಎರಡು ನಿಮಿಷದಲ್ಲಿ ಮುಗಿಯಿತು, ಪುಸ್ತಕ ಪಾತಾಳಕ್ಕೆ ಹೋಯಿತು.

ಈಗ ನನ್ನ ತಪ್ಪು. ತಿರಸ್ಕಾರದ ಕಾಗದಕ್ಕೆ ನಮ್ಮಲ್ಲಿ ಒಂದು ನಮೂನೆ ಇತ್ತು. ಉಸ್ತುವಾರಿ ವಹಿಸಿಕೊಂಡ ಹೊಸತರಲ್ಲಿ ನಾನೇ ಒಕ್ಕಣೆ ಮಾಡಿ ಅಚ್ಚು ಹಾಕಿಸಿದ್ದು. ಹೆಸರಿನ ಜಾಗ ಖಾಲಿ ಬಿಟ್ಟಿತ್ತು, ತುಂಬಿ ಅಂಚೆಗೆ ಹಾಕಿದರಾಯಿತು. "ಕರ್ತನಲ್ಲಿ ಪ್ರಿಯರೇ" ಎಂದು ಶುರು. ತಮ್ಮ ಪುಸ್ತಕವನ್ನು ಸಮಿತಿಯು ಪ್ರಾರ್ಥನಾಪೂರ್ವಕವಾಗಿ ಪರಿಶೀಲಿಸಿತು, ಸದ್ಯಕ್ಕೆ ಮಾರಾಟಕ್ಕೆ ಇಡಲಾಗುತ್ತಿಲ್ಲ. ಕೊನೆಯಲ್ಲಿ, ಬರೀ ಇಲ್ಲ ಎಂದರೆ ಒರಟಾಗುತ್ತದೆ ಎಂದು ನಾನೇ ಮುತುವರ್ಜಿಯಿಂದ ಸೇರಿಸಿದ್ದ ಒಂದು ಸಾಲು: "ಇದೂ ದೇವರ ಚಿತ್ತವೆಂದು ತಿಳಿದು ಧೈರ್ಯ ತಂದುಕೊಳ್ಳಬೇಕಾಗಿ ವಿನಂತಿ." ಅವತ್ತು ಐದಾರು ಕಾಗದಗಳಿದ್ದವು. ಸುಂದರಣ್ಣನ ಹೆಸರನ್ನೂ ತುಂಬಿ, ಸಹಿ ಹಾಕಿ, ಅಂಚೆಗೆ ಹಾಕಿದೆ. ನಾನು ಅದನ್ನು ಓದಲೇ ಇಲ್ಲ. ನೂರಾರು ಸಲ ಕಳಿಸಿದ ಕಾಗದವನ್ನು ಯಾರು ಓದುತ್ತಾರೆ?

ನಾಲ್ಕನೆಯ ದಿನ ಅವರು ಬಂದರು. ಕಾಗದವನ್ನು ಕೌಂಟರಿನ ಮೇಲೆ ಬಿಡಿಸಿಟ್ಟು, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಅದರ ತುದಿಯನ್ನು ಕೊನೆಯ ಸಾಲಿನ ಮೇಲೆ ಇಟ್ಟರು. "ಟಪಾಲು ತಗೊಂಡಿದ್ದು ಕಮಲ. ಅವಳೇ ಒಡೆದು ಓದಿದ್ಲು" ಎಂದರು. ಕಮಲಮ್ಮ ಅವರ ಹೆಂಡತಿ.

"ಅದು ಫಾರಂ ಸುಂದರಣ್ಣ. ಎಲ್ಲರಿಗೂ ಅದೇ ಹೋಗುತ್ತೆ" ಎಂದೆ.

"ನಮ್ಮನೇಲೂ ಅಷ್ಟೇ ಆಗಿದ್ದು. ಎಲ್ಲರಿಗೂ ಅದನ್ನೇ ಹೇಳ್ತಾರೆ" ಎಂದರು.

ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಹೋದರು. ಮತ್ತೆ ಅಂಗಡಿಗೆ ಬರಲಿಲ್ಲ. ಉಳಿದ ನಮೂನೆಗಳ ಕೊನೆಯ ಸಾಲನ್ನು ನಾನು ಅವತ್ತೇ ಒಂದೊಂದಾಗಿ ಮಸಿಯಿಂದ ಹೊಡೆದುಹಾಕಿದೆ. ಅಷ್ಟೇ ಮಾಡಿದ್ದು. ಪುಸ್ತಕ ಪಾತಾಳದಲ್ಲೇ ಇತ್ತು, ಬೀಗದಕೈ ನನ್ನ ಸೊಂಟದಲ್ಲೇ ಇತ್ತು. ಸಾವಿನ ಮನೆಗೆ ಏನಾದರೂ ಕೊಡಿ ಎಂದು ಬಂದವರಿಗೆ ನಾನು ಲಿಲ್ಲಿ ಹೂವಿನ ಕಾರ್ಡನ್ನೇ ಮಾರುತ್ತಿದ್ದೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು ಎಂದರೆ ಸುಳ್ಳಾಗುತ್ತದೆ. ಯಾರೂ ನನ್ನನ್ನು ತೆಗೆಯುತ್ತಿರಲಿಲ್ಲ. ಸಮಿತಿಯ ಬೆನ್ನ ಹಿಂದೆ ನಿಂತರೆ ತಂಪಾಗಿರುತ್ತಿತ್ತು, ಅದು ನಿಜವಾದ ಕಾರಣ.

ಇದಾದ ಕೆಲವು ವರ್ಷಗಳಿಗೆ ಸಾಲೊಮೋನ್ ಅಯ್ಯನವರ ಹೆಂಡತಿ ತೀರಿಕೊಂಡರು. ಅಂತ್ಯಕ್ರಿಯೆಗೆ ನಾವೆಲ್ಲ ಹೋಗಿದ್ದೆವು. ನೂರಾರು ಮನೆಗಳಲ್ಲಿ ಗಟ್ಟಿ ದನಿಯಲ್ಲಿ ಸಮಾಧಾನ ಹೇಳಿದವರು ತಮ್ಮ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಬಂದವರೆಲ್ಲ ಅವರ ಕೈ ಹಿಡಿದು ಅವರದ್ದೇ ಮಾತನ್ನು ಅವರಿಗೆ ತಿರುಗಿ ಹೇಳಿ ಹೋಗುತ್ತಿದ್ದರು. ಅದಾಗಿ ಒಂದು ತಿಂಗಳಿಗೆ ಅಯ್ಯನವರು ಅಂಗಡಿಗೆ ಬಂದು ಪಾತಾಳದ ಬೀಗದಕೈ ಕೇಳಿದರು. ಹಳೆಯ ನಡಾವಳಿ ಪುಸ್ತಕ ನೋಡಬೇಕಿತ್ತು ಎಂದರು. ಐದು ನಿಮಿಷ ಬೀರುವಿನ ಮುಂದೆ ನಿಂತು, ಬೀಗ ಹಾಕಿ, ಬೀಗದಕೈ ಕೊಟ್ಟು ಹೋದರು. ಆಮೇಲೂ ಒಂದು ವರ್ಷ ಅವರು ಅಧ್ಯಕ್ಷರಾಗಿದ್ದರು. ಸುಂದರಣ್ಣನ ಹೆಸರು ಸಮಿತಿಯಲ್ಲಿ ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಬರೆದವರು ನಮ್ಮ ಬಾಗಿಲಿಗೆ ಬರುವುದು ಕಡಿಮೆಯಾಯಿತು. ಪುಸ್ತಕವನ್ನು ಫೋನಿಗೇ ಕಳಿಸಿಬಿಡುತ್ತಾರೆ, ಬೇಕಾದವರಿಗೆ ಕೊರಿಯರಿನಲ್ಲಿ ಮನೆಗೇ ಹೋಗುತ್ತದೆ. ನಾದಿನಿಯರನ್ನು ಕಳಿಸಿದ ಟೀಚರು ಈಗ ಯೂಟ್ಯೂಬಿನಲ್ಲಿ ಕಥೆ ಹೇಳುತ್ತಾರೆ, ನಮ್ಮ ಸಮಿತಿಯ ಮೊಮ್ಮಕ್ಕಳೇ ಕೇಳುತ್ತಾರೆ. ಅಂಗಡಿಯಲ್ಲಿ ಬೈಬಲು, ಕೀರ್ತನೆ ಪುಸ್ತಕ, ಕ್ಯಾಲೆಂಡರು ಬಿಟ್ಟರೆ ಹೆಚ್ಚು ಹೋಗುವುದಿಲ್ಲ. ಆದರೂ ಸುಂದರಣ್ಣನಂಥವರಿಗೆ ಫೋನು ಉಪಯೋಗಕ್ಕೆ ಬರಲಿಲ್ಲ. ಅವರ ಪುಸ್ತಕ ಓದಬೇಕಾದವರು ಅಂಗಡಿಗೆ ಬಂದು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಜನ.

ನನ್ನ ಕೊನೆಯ ದಿನ ಶೀಬಾಗೆ ಪಾತಾಳವನ್ನು ಒಪ್ಪಿಸಬೇಕಾಗಿತ್ತು. ಇಬ್ಬರೂ ಕೂತು ಪಟ್ಟಿ ನೋಡಿ ತಾಳೆ ಹಾಕಿದೆವು. ಎಲ್ಲವೂ ಎರಡೆರಡು ಪ್ರತಿ ಇದ್ದವು, ಸುಂದರಣ್ಣನದು ಮಾತ್ರ ಒಂದೇ. ಕೆಂಪು ಗೀಟಿನ ಪ್ರತಿ ಇರಲಿಲ್ಲ. ಗೆದ್ದಲು ತಿಂದಿರಬೇಕು ಎಂದುಕೊಂಡೆ, ಪಕ್ಕದ ಪುಸ್ತಕಗಳನ್ನು ಬಿಟ್ಟು ಅದೊಂದನ್ನೇ ತಿನ್ನುವ ಗೆದ್ದಲು ಎಲ್ಲಿಯದು ಎಂದು ಯೋಚಿಸಲಿಲ್ಲ. ಶೀಬಾ ಉಳಿದ ಪ್ರತಿಯನ್ನು ನಿಂತಲ್ಲೇ ಓದಿ ಮುಗಿಸಿ, ಇದನ್ನ ಯಾಕೆ ಇಟ್ಟಿಲ್ಲ ಎಂದು ಕೇಳಿದಳು. ನಾನು ಏನು ಹೇಳಿದೆ ಗೊತ್ತೇ? ಮುಂದಿನ ಸಮಿತಿಗೆ ಇಡು ಎಂದೆ. ಕೊನೆಯ ದಿನವೂ ನನ್ನ ಬಾಯಲ್ಲಿ ಅದೇ ಬಂತು. ಪಾಪ, ಅವಳು ಇಟ್ಟಳು. ಸಮಿತಿ ಅದನ್ನು ಮುಂದಕ್ಕೆ ಹಾಕಿತು, ಮತ್ತೊಮ್ಮೆ ಮುಂದಕ್ಕೆ ಹಾಕಿತು.

ಕಳೆದ ವರ್ಷ ಈಸ್ಟರ್ ಕಳೆದ ಮೇಲೆ ಒಂದು ಬೆಳಿಗ್ಗೆ ಸುಂದರಣ್ಣ ಹೋಗಿಬಿಟ್ಟರು ಎಂದು ಸುದ್ದಿ ಬಂತು. ಪುಸ್ತಕ ಅಂಗಡಿಯಲ್ಲಿ ಇರುವುದನ್ನು ಅವರು ನೋಡಲಿಲ್ಲ. ಇದನ್ನು ಮೃದುವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ. ನೋಡಲು ಬಿಡದವರಲ್ಲಿ ನಾನೂ ಒಬ್ಬ.

ಲಷ್ಕರ್ ಮೊಹಲ್ಲಾದ ಆ ಗಲ್ಲಿಗೆ ಹೋದೆ. ಅಂಗಡಿಯ ಹಿಂದೆಯೇ ಮನೆ. ಕಮಲಮ್ಮ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ನನಗಿಂತ ಮುಂದೆ ಬಂದಿದ್ದ ಇಬ್ಬರು ಹೆಂಗಸರು ಆಗಲೇ ಆ ಮಾತು ಹೇಳಿ ಮುಗಿಸಿದ್ದರು. ಕಮಲಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಎದುರಿಗೆ ಕೂತು ಬಾಯಿ ತೆರೆದೆ. ಇಷ್ಟೆಲ್ಲ ಆದ ಮೇಲೂ ನಾಲಿಗೆಯ ತುದಿಗೆ ಬಂದದ್ದು ದೇವರ ಚಿತ್ತವೇ. ತಡೆದುಕೊಂಡು ಹಿಂದೆ ಸರಿದು ಕೂತೆ.

ಸ್ವಲ್ಪ ಹೊತ್ತಿಗೆ ಸಾಲೊಮೋನ್ ಅಯ್ಯನವರು ಬಂದರು. ಎಂಬತ್ತು ದಾಟಿದ್ದಾರೆ, ಗೋಕುಲಂನಿಂದ ಆಟೋ ಮಾಡಿಕೊಂಡು, ಕೋಲು ಊರಿಕೊಂಡು ಬಂದಿದ್ದರು. ಪ್ರಾರ್ಥನೆ ಮಾಡುತ್ತಾರೆ ಎಂದು ಜನ ಎದ್ದು ನಿಂತರು. ಅಯ್ಯನವರು ಎಲ್ಲರೂ ಕೂರುವಂತೆ ಕೈ ಮಾಡಿ, ಕಷ್ಟಪಟ್ಟು ಚಾಪೆಯ ಮೇಲೆ ಕಮಲಮ್ಮನ ಪಕ್ಕದಲ್ಲೇ ಕೂತರು. ಒಂದು ಲೋಟ ನೀರು ಕೇಳಿದರು. ತಾವು ಕುಡಿಯಲಿಲ್ಲ, ಅವರ ಪಕ್ಕದಲ್ಲಿಟ್ಟರು. ತುಂಬಾ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಕೇಳಿದರು:

"ಅಮ್ಮಾ, ಸುಂದರಣ್ಣನ ಕನ್ನಡಕ ಎಲ್ಲಿದೆ?"

ಕಮಲಮ್ಮ ಅವತ್ತು ಮೊದಲ ಸಲ ತಲೆ ಎತ್ತಿದರು. ಅಯ್ಯನವರನ್ನೇ ನೋಡಿದರು. "ಟಿ.ವಿ. ಮೇಲಿರ್ಬೇಕು ಅಯ್ನೋರೇ" ಎಂದರು. ಯಾರೋ ತಂದುಕೊಟ್ಟರು. ಅಯ್ಯನವರು ಅದರ ಮೇಲಿದ್ದ ಮರದ ಪುಡಿಯನ್ನು ಕರ್ಚೀಫಿನಿಂದ ಒರೆಸಿ, ಕಡ್ಡಿ ಮಡಿಚಿ, ಅವರ ಅಂಗೈಯಲ್ಲಿ ಇಟ್ಟರು. ಆಗ ಕಮಲಮ್ಮ ಅಳಲು ಶುರುಮಾಡಿದರು. ಯಾರೋ ಸುಮ್ಮನಿರಮ್ಮ ಎನ್ನಲು ಹೋದರು. ಅಯ್ಯನವರು ಬೇಡ ಎಂದು ತಲೆಯಾಡಿಸಿದರು. ಕೆಂಪು ಗೀಟಿನ ಪ್ರತಿ ಎಲ್ಲಿಗೆ ಹೋಗಿತ್ತು ಎಂದು ನನಗೆ ಆಗ ಗೊತ್ತಾಯಿತು.

ಮೂರನೆಯ ದಿನ ಅಯ್ಯನವರು ಫೋನು ಮಾಡಿ ನನ್ನನ್ನೂ ಕರೆದುಕೊಂಡು ಹೋದರು. ದಾರಿಯಲ್ಲಿ ಪುಸ್ತಕದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಮಲಮ್ಮ ಕಾಫಿ ಕೊಟ್ಟರು. ಅಯ್ಯನವರು ಲೋಟ ಕೆಳಗಿಟ್ಟು, "ಕಮಲಮ್ಮ, ನಂದು ಒಂದು ಮಾತಿದೆ. ಹೇಳಲೋ ಬೇಡವೋ ಅಂತ ನಿಮ್ಮನ್ನೇ ಕೇಳ್ತಾ ಇದ್ದೀನಿ" ಎಂದರು. ಯಾವ ಮಾತು ಎಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಮಲಮ್ಮ ಸೆರಗಿನ ಅಂಚು ಸರಿಮಾಡಿಕೊಂಡರು. "ಇನ್ನೂ ಬೇಡ ಅಯ್ನೋರೇ" ಎಂದರು.

"ಆಗಲಮ್ಮ" ಎಂದು ಅಯ್ಯನವರು ಮತ್ತೆ ಕಾಫಿ ಲೋಟ ಎತ್ತಿಕೊಂಡರು.

ಹೊರಡುವಾಗ ಕಮಲಮ್ಮ ಮಂಚದ ಕೆಳಗಿನಿಂದ ಒಂದು ಕಟ್ಟು ಎಳೆದರು. ಪ್ರೆಸ್ಸಿನಿಂದ ತಂದ ದಿನದ ಸುತ್ತುಕಾಗದ, ಅದೇ ಸೆಣಬಿನ ದಾರ, ಬಿಚ್ಚೇ ಇರಲಿಲ್ಲ. "ಇದನ್ನ ಅಂಗಡೀಲಿ ಇಡ್ತೀರಾ? ಮುನ್ನುಡಿ ಇಲ್ಲ ಇದಕ್ಕೆ" ಎಂದು ನನ್ನನ್ನು ಕೇಳಿದರು. ಹಳೆಯ ಅಭ್ಯಾಸ, ನಾನು ಅಯ್ಯನವರ ಮುಖ ನೋಡಿದೆ. ಅಯ್ಯನವರು ಆಗಲೇ ಬಾಗಿ ಕಟ್ಟನ್ನು ಎತ್ತಿಕೊಂಡಿದ್ದರು.

ಗಲ್ಲಿಯಲ್ಲಿ ನಿಂತು ಶೀಬಾಗೆ ಫೋನು ಮಾಡಿದೆ. ಲಿಲ್ಲಿ ಕಾರ್ಡು ಸರಿಸಿ ಜಾಗ ಮಾಡುತ್ತೇನೆ, ತನ್ನಿ ಎಂದಳು. ಸಮಿತಿ ಏನನ್ನುತ್ತದೋ ಎಂದು ಅವಳು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ಅಯ್ಯನವರು ಒಂದು ಕೈಯಲ್ಲಿ ಕೋಲು, ಇನ್ನೊಂದು ಕಂಕುಳಲ್ಲಿ ಕಟ್ಟು ಹಿಡಿದು ಆಟೋದತ್ತ ನಿಧಾನವಾಗಿ ನಡೆಯುತ್ತಿದ್ದರು. ಭಾರ ಇದೆ, ಇಲ್ಲಿ ಕೊಡಿ ಎಂದು ಎರಡು ಸಲ ಕೇಳಿದೆ. ಕೊಡಲಿಲ್ಲ. ಅಂಗಡಿ ತಲುಪುವವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.